ಮಾಳಿಗೆ ಕಲ್ಲಿನದು, ಗೋಡೆಗೆ ಯಾವ ಬಣ್ಣ?

ಸೇಡಂನಲ್ಲೋ ಚಿತ್ತಾಪುರದಲ್ಲೋ ಪೇಂಟ್ ಅಂಗಡಿಗೆ ಹೋಗಿ ಹೊರಗೋಡೆಯ ಬಣ್ಣ ತೋರಿಸಿ ಎಂದರೆ ಗಲ್ಲೆಯ ಮೇಲೆ ದಪ್ಪನೆಯದೊಂದು ಪುಸ್ತಕ ಬಂದು ಕೂರುತ್ತದೆ. ತೆರೆದರೆ ಹಾಳೆಹಾಳೆಗೂ ಇಳಿಜಾರು ಮಾಡಿನ, ಕೆಂಪು ಹೆಂಚಿನ ಬಂಗಲೆಗಳು. ಮುಂದೆ ಹುಲ್ಲುಹಾಸು, ಹಿಂದೆ ಮೋಡ. ಗಿರಾಕಿ ಒಂದಕ್ಕೆ ಬೆರಳಿಡುತ್ತಾರೆ, ಮಷಿನ್ ಅದೇ ಬಣ್ಣವನ್ನು ಡಬ್ಬಿಯಲ್ಲಿ ಬೆರೆಸಿಕೊಡುತ್ತದೆ, ದೀಪಾವಳಿಗೆ ಮನೆ ತಯಾರು. ಆಮೇಲೆ ಬೀದಿಯಲ್ಲಿ ನಿಂತು ನೋಡಿದರೆ ಏನೋ ಕೂಡಿಬಂದಿಲ್ಲ ಅನ್ನಿಸುತ್ತದೆ. ಬಣ್ಣ ಕೆಟ್ಟದ್ದಲ್ಲ, ಪೇಂಟರನ ಕೈಯೂ ಕೆಟ್ಟದ್ದಲ್ಲ. ಪುಸ್ತಕದವರು ಆ ಬಣ್ಣವನ್ನು ಕೂಡಿಸಿದ್ದು ಕೆಂಪು ಹೆಂಚಿನ ಜೊತೆ. ನಮ್ಮಲ್ಲಿ ಗೋಡೆಯ ಮೇಲೆ ಕೂತಿರುವುದು ಬೂದುಬಣ್ಣದ ಫರ್ಸಿ, ಅಂದರೆ ಚಪ್ಪಡಿಗಲ್ಲು.

ಹೊರಬಣ್ಣ ಆರಿಸುವ ಮುಂಚೆ ತಲೆಯೆತ್ತಿ ಸೂರು ನೋಡಿ ಎಂದು ತಿಳಿದವರು ಹೇಳುತ್ತಾರೆ. ಅದಕ್ಕೆ ಕಾರಣವೂ ಸರಳ. ಗೋಡೆಯ ಬಣ್ಣ ಐದಾರು ವರ್ಷಕ್ಕೆ ಬದಲಾಗುತ್ತದೆ, ಸೂರು ಬದಲಾಗುವುದು ತಲೆಮಾರಿಗೊಮ್ಮೆ. ಬದಲಾಗದ್ದರ ಬಣ್ಣವನ್ನು ಮೊದಲು ಲೆಕ್ಕಕ್ಕೆ ಹಿಡಿದು, ಬದಲಾಗುವುದನ್ನು ಅದಕ್ಕೆ ಹೊಂದಿಸಬೇಕು. ಮಂಗಳೂರಿನಲ್ಲಿ ಈ ಮಾತು ಪಾಲಿಸುವುದು ಸುಲಭ. ಅಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಮಳೆ, ಮಾಡು ಇಳಿಜಾರು, 1865ರಲ್ಲಿ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಊರೂರೇ ಕೆಂಪಾಯಿತು. ರಸ್ತೆಯಿಂದ ನೋಡಿದರೆ ಅರ್ಧ ಮನೆ ಹೆಂಚೇ. ಕಲಬುರಗಿ ಜಿಲ್ಲೆಯಲ್ಲಿ ಮಳೆ ಅದರ ಕಾಲುಭಾಗದಷ್ಟು. ಹಾಗಾಗಿ ನಮ್ಮ ಸೂರು ಮಟ್ಟಸ. ಅದರ ಮೇಲೆ ತೊಗರಿ ಒಣಗುತ್ತದೆ, ಮೆಣಸಿನಕಾಯಿ ಒಣಗುತ್ತದೆ, ಬೇಸಿಗೆಯ ರಾತ್ರಿ ಮನೆಮಂದಿಯೆಲ್ಲ ಹಾಸಿಗೆ ಹೊತ್ತು ಮೇಲೇರುತ್ತಾರೆ. ಬೀದಿಯಲ್ಲಿ ನಿಂತವರಿಗೆ ಮಾತ್ರ ಅದು ಕಾಣುವುದಿಲ್ಲ.

ಕಾಣುವುದು ಅದರ ಅಂಚು. ಶಹಾಬಾದ್‌ನಿಂದ ಕೊಡ್ಲಿಯವರೆಗೆ ಯಾವ ಹಳೆಯ ಓಣಿಯಲ್ಲಿ ನಡೆದರೂ ಕಣ್ಣಿಗೆ ಬೀಳುವ ಮೇಲ್ಗೆರೆ ಎಂದರೆ ಗೋಡೆಯಿಂದ ತುಸು ಹೊರಚಾಚಿದ ಫರ್ಸಿಯ ಸಾಲು, ಕಿಟಕಿಯ ಮೇಲಿನ ಕಲ್ಲಿನ ಚಜ್ಜಾ, ಬಾಗಿಲ ಮುಂದಿನ ಕಟ್ಟೆ, ಕಟ್ಟೆಗೆ ಹತ್ತುವ ಮೆಟ್ಟಿಲು. ಸೂರು, ನೆರಳು, ನೆಲ ಎಲ್ಲಕ್ಕೂ ಒಂದೇ ಕಲ್ಲು. ಎಷ್ಟೋ ಮನೆಗಳಲ್ಲಿ ಗೋಡೆಯೂ ಅದೇ. ಗೋಡೆಗೆ ಬಣ್ಣ ಆರಿಸುವುದೆಂದರೆ ಇಲ್ಲಿ ಈ ಕಲ್ಲಿಗೆ ಜೋಡಿ ಹುಡುಕುವುದು. ಸಿಮೆಂಟಿನ ಸ್ಲ್ಯಾಬ್ ಹಾಕಿದ ಹೊಸ ಮನೆಗೂ ಈ ಮಾತು ಬಹುಮಟ್ಟಿಗೆ ಸಲ್ಲುತ್ತದೆ. ಅದರ ಕಟ್ಟೆಗೆ, ಮೆಟ್ಟಿಲಿಗೆ, ಅಂಗಳಕ್ಕೆ ಕಲ್ಲು ಬಂದೇ ಬರುತ್ತದೆ. ಮಗ್ಗುಲ ಮನೆಯ ಗೋಡೆಯಂತೂ ಕಲ್ಲಿನದೇ.

ಹಳೆಯ ಮಣ್ಣಿನ ಮಾಳಿಗೆಗಳು ಈಗ ಕಡಿಮೆ. ತೊಲೆ, ಜಂತಿ, ಅದರ ಮೇಲೆ ಹಲಗೆಯೋ ಕಟ್ಟಿಗೆಯೋ, ಮೇಲೆ ದಪ್ಪಕ್ಕೆ ಮಣ್ಣು. ಮಳೆಗಾಲಕ್ಕೆ ಮುಂಚೆ ಮತ್ತೆ ಮಣ್ಣು ಹಾಕಿ ಮೆತ್ತಬೇಕು. ಆ ದುಡಿಮೆ ಬೇಡವೆಂದವರು ಕಬ್ಬಿಣದ ಗರ್ಡರ್ ಮೇಲೆ ಫರ್ಸಿ ಹಾಸಿದರು. ಫರ್ಸಿ ಈ ಸೀಮೆಯವರಿಗೆ ಅಗ್ಗ, ಊರ ಬದಿಯಲ್ಲೇ ಖಣಿ. ಹೊರಗಿನವರಿಗೆ ಅದನ್ನು ಮುಟ್ಟಿಸಿದ್ದು ರೈಲು. 1871ರಲ್ಲಿ ಸೋಲಾಪುರ–ರಾಯಚೂರು ಹಳಿ ಮುಗಿಯಿತು, ನಿಜಾಮರ ರೈಲು 1874ರಲ್ಲಿ ವಾಡಿಯನ್ನು ಸಿಕಂದರಾಬಾದಿಗೆ ಜೋಡಿಸಿತು. ಶಹಾಬಾದ್ ಕಲ್ಲು ಎಂಬ ಹೆಸರು ಮುಂಬೈ, ಪುಣೆಗಳ ನೆಲಕ್ಕೆ ಹಬ್ಬಿದ್ದು ಈ ದಾರಿಯಲ್ಲೇ.

ಕಲ್ಲಿನ ಬಣ್ಣ ಯಾವುದು ಎಂದು ಕೇಳಿದರೆ ಎಲ್ಲರೂ ಬೂದು ಎನ್ನುತ್ತಾರೆ. ಚಜ್ಜಾದ ಅಂಚನ್ನು ಒಂದು ಮೊಳ ದೂರದಿಂದ ನೋಡಿ. ಮೇಲ್ಮೈಯಲ್ಲಿ ಧೂಳು ಕೂತು ಬೂದಿಯ ಬಿಳುಪು. ಅಂಚಿನಲ್ಲಿ ಉಳಿ ತಾಗಿದ ಕಡೆ ನೀಲಿ. ಎರಡು ಪದರು ಕೂಡುವ ಕಡೆ, ನೀರು ಇಳಿದಲ್ಲಿ, ಕಬ್ಬಿಣದ ಅಂಶ ತುಕ್ಕಾಗಿ ಕಂದು ಗೆರೆ. ಒದ್ದೆ ಅರಿವೆಯಿಂದ ಒಮ್ಮೆ ಒರೆಸಿದರೆ ಇಡೀ ಕಲ್ಲು ಕಪ್ಪುನೀಲಿಗೆ ತಿರುಗುತ್ತದೆ. ಬಿಸಿಲಿದ್ದರೆ ಸ್ವಲ್ಪ ಹೊತ್ತಿಗೆ ಮತ್ತೆ ಬೂದಿ. ಎಲ್ಲ ಖಣಿಯ ಕಲ್ಲೂ ಹೀಗೇ ಇರುವುದಿಲ್ಲ. ಕೆಲವು ಹಳದಿಗೆ ವಾಲುತ್ತವೆ, ಕೆಲವು ತಿಳಿಗುಲಾಬಿಗೆ. ಗಡಿಯಾಚೆಯ ತಾಂಡೂರಿನ ವ್ಯಾಪಾರಿಗಳು ನೀಲಿ, ಹಳದಿ ಎಂದು ಬೇರೆ ಬೇರೆಯಾಗಿಯೇ ಮಾರುತ್ತಾರೆ. ಇದೆಲ್ಲ ಒಂದೇ ಹಾಸು. ಭೂವಿಜ್ಞಾನಿಗಳು ಈ ಸೀಮೆಯ ಪದರುಗಲ್ಲುಗಳಿಗೆ ಭೀಮಾ ನದಿಯ ಹೆಸರಿಟ್ಟಿದ್ದಾರೆ. ಭೂವಿಜ್ಞಾನದ ಪುಸ್ತಕಗಳಲ್ಲಿ ಸೇಡಂ, ಶಹಾಬಾದ್ ಎಂಬುವು ಈಗ ಊರುಗಳಷ್ಟೇ ಅಲ್ಲ, ಕಲ್ಲಿನ ಪದರುಗಳ ಹೆಸರೂ ಹೌದು. ಚಿತ್ತಾಪುರ ತಾಲೂಕಿನ ಸನ್ನತಿಯ ಬದಿಗಿರುವ ಕನಗನಹಳ್ಳಿಯಲ್ಲಿ ಸ್ತೂಪದ ಶಿಲ್ಪಗಳನ್ನು ಕೆತ್ತಿದ್ದು ಈ ಸೀಮೆಯ ಸುಣ್ಣಕಲ್ಲಿನಲ್ಲೇ, ಸುಮಾರು ಎರಡು ಸಾವಿರ ವರ್ಷದ ಹಿಂದೆ. ಕಾಗಿಣಾ ದಂಡೆಯ ಮಳಖೇಡದ ಕೋಟೆಗೂ ಅದೇ ಕಲ್ಲು.

ಬಣ್ಣ ಆರಿಸುವವರು ಗಮನಿಸಬೇಕಾದ್ದು ಕಲ್ಲಿನ ಬೂದಿನೊಳಗೆ ಅಡಗಿದ ಒಳಬಣ್ಣ. ಅದನ್ನು ಕಂಡುಹಿಡಿಯಲು ದೊಡ್ಡ ವಿದ್ಯೆ ಬೇಡ. ಕಲ್ಲನ್ನು ತೊಳೆದು ಒಣಗಿಸಿ, ಅದರ ಮೇಲೆ ಒಂದು ಬಿಳಿ ಹಾಳೆ ಇಟ್ಟು ನೆರಳಲ್ಲಿ ನೋಡಿ. ಬಿಳಿಯ ಪಕ್ಕದಲ್ಲಿ ಬೂದು ತನ್ನ ಗುಟ್ಟು ಬಿಡುತ್ತದೆ: ನೀಲಿಯೋ, ಹಸಿರೋ, ಹಳದಿಯೋ, ಕೆಂಪೋ.

ಪಕ್ಕದ ಬಣ್ಣ ಬದಲಾದರೆ ಬಣ್ಣವೇ ಬದಲಾದಂತೆ ಕಾಣುವುದನ್ನು ಶಾಸ್ತ್ರವಾಗಿ ಬರೆದವರು ಫ್ರಾನ್ಸಿನ ರಸಾಯನ ವಿಜ್ಞಾನಿ ಷೆವ್ರೋಲ್. ಪ್ಯಾರಿಸ್ಸಿನ ಗೊಬೆಲಾನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ಮನೆಯ ಮೇಲ್ವಿಚಾರಣೆ ಅವರದು. ಕಪ್ಪು ನೂಲು ಮಂಕಾಗಿದೆ ಎಂದು ದೂರು ಬಂತು. ಪರೀಕ್ಷಿಸಿದರೆ ಕಪ್ಪಿನಲ್ಲಿ ದೋಷವಿಲ್ಲ, ಅದರ ಮಗ್ಗುಲಿಗೆ ನೇಯ್ದ ನೀಲಿ, ನೇರಳೆಗಳೇ ಅದನ್ನು ಮಂಕು ಮಾಡುತ್ತಿದ್ದವು. 1839ರಲ್ಲಿ ಅವರು ಪ್ರಕಟಿಸಿದ ಪುಸ್ತಕದ ಸಾರವನ್ನು ನಮ್ಮ ಓಣಿಗೆ ಇಳಿಸಿದರೆ ಇಷ್ಟು: ನೀಲಿಬೂದು ಕಲ್ಲಿನ ಕೆಳಗೆ ಹಳದಿಗೆ ವಾಲಿದ ಗೋಡೆ ಇದ್ದರೆ ಕಲ್ಲಿನ ನೀಲಿ ಎದ್ದು ಬರುತ್ತದೆ, ಗೋಡೆಯೂ ಬೆಚ್ಚಗೆ ಕಾಣುತ್ತದೆ. ಅದೇ ಕಲ್ಲಿನ ಕೆಳಗೆ ಕಡುನೀಲಿ ಹಚ್ಚಿದರೆ ಕಲ್ಲು ಬಣ್ಣಗೆಟ್ಟು ಬರೀ ಕೊಳೆಯಾಗಿ ಕಾಣುತ್ತದೆ.

ಆದ್ದರಿಂದ ನೀಲಿ ಕಲ್ಲಿನ ಮನೆಗೆ ಬಿಳಿಜೋಳದ ಬಣ್ಣ, ಮಜ್ಜಿಗೆ ಬಿಳುಪು, ತಿಳಿಯಾದ ಹಳದಿಮಣ್ಣಿನ ಬಣ್ಣ. ಹಳದಿ ಅಥವಾ ಗುಲಾಬಿಗೆ ವಾಲಿದ ಕಲ್ಲಿದ್ದರೆ ಈ ಕೆನೆಬಣ್ಣಗಳು ಅದರೊಳಗೆ ಕರಗಿ ಗೋಡೆ ಮಾಸಲಾಗಿ ಕಾಣುತ್ತದೆ. ಅಲ್ಲಿ ತುಸು ತಣ್ಣನೆಯ ಬಿಳುಪೋ, ಬೂದು ಬೆರೆತ ತಿಳಿಹಸಿರೋ ಒಳ್ಳೆಯದು. ಎರಡಕ್ಕೂ ಆಗದ ಬಣ್ಣವೊಂದಿದೆ, ಈಗ ಅದರದೇ ಹಾವಳಿ: ನಗರದ ಅಪಾರ್ಟ್‌ಮೆಂಟ್ ನೋಡಿ ತಂದ ಬೂದು. ಕಲ್ಲಿಗೆ ಸರಿಹೊಂದಲಿ ಎಂದೇ ಹಚ್ಚಿಸುತ್ತಾರೆ. ಆದರೆ ಡಬ್ಬಿಯ ಬೂದು ಎಲ್ಲಿ ನೋಡಿದರೂ ಒಂದೇ, ಕಲ್ಲಿನ ಬೂದು ಗೇಣಿಗೊಂದು ತರಹ. ಎರಡನ್ನೂ ಒತ್ತಟ್ಟಿಗೆ ಇಟ್ಟರೆ ಜೋಡಿಯಾಗುವುದಿಲ್ಲ, ತೇಪೆಯಾಗುತ್ತದೆ. ಕಲ್ಲಿಗೆ ಸಮ ಬರಲು ಹೊರಟ ಬಣ್ಣಕ್ಕಿಂತ ಕಲ್ಲಿನಿಂದ ಸ್ಪಷ್ಟವಾಗಿ ದೂರ ನಿಂತ ಬಣ್ಣವೇ ಮೇಲು ಎಂಬುದು ನನ್ನ ಅಭಿಪ್ರಾಯ.

ಹಿಂದಿನವರು ಇಷ್ಟೆಲ್ಲ ಯೋಚಿಸಲಿಲ್ಲ, ಆದರೂ ಅವರ ಮನೆಗಳು ಕೂಡಿಬಂದವು. ಅವರ ಹತ್ತಿರ ಇದ್ದದ್ದೇ ಮೂರು: ಸುಣ್ಣ, ಕೆಮ್ಮಣ್ಣು, ನೀಲ್. ಸುಣ್ಣ ಎಲ್ಲಿಂದ ಬಂತು? ಇದೇ ಕಲ್ಲಿನಿಂದ. ಸುಣ್ಣಕಲ್ಲನ್ನು ಭಟ್ಟಿಯಲ್ಲಿ 900 ಡಿಗ್ರಿಯ ಆಸುಪಾಸು ಸುಟ್ಟರೆ ಅದರಲ್ಲಿರುವ ಕಾರ್ಬನ್ ಡೈಆಕ್ಸೈಡ್ ಹಾರಿಹೋಗುತ್ತದೆ. ಉಳಿದದ್ದಕ್ಕೆ ನೀರು ಹಾಕಿದರೆ ಕುದಿದು ಅರಳುತ್ತದೆ. ತಿಳಿಮಾಡಿ ಗೋಡೆಗೆ ಹಚ್ಚಿದ ಮೇಲೆ ಗಾಳಿಯಲ್ಲಿರುವ ಅದೇ ಕಾರ್ಬನ್ ಡೈಆಕ್ಸೈಡನ್ನು ನಿಧಾನಕ್ಕೆ ಎಳೆದುಕೊಂಡು ಮತ್ತೆ ಸುಣ್ಣಕಲ್ಲಾಗುತ್ತದೆ. ಸುಣ್ಣ ಹಚ್ಚಿದ ಗೋಡೆ ಎಂದರೆ ತೆಳ್ಳಗಿನ ಕಲ್ಲಿನ ಹೊದಿಕೆ. ಮೇಲಿನ ಫರ್ಸಿಗೂ ಕೆಳಗಿನ ಗೋಡೆಗೂ ರಕ್ತಸಂಬಂಧ. ಸಿಮೆಂಟೂ ಈ ಮನೆತನದ್ದೇ. ವಾಡಿಯಲ್ಲಿ 1968ರಿಂದ ಎಸಿಸಿ ಕಾರ್ಖಾನೆ, ಆಮೇಲೆ ಮಳಖೇಡ, ಸೇಡಂ ಎಂದು ಒಂದಾದ ಮೇಲೊಂದು ಚಿಮಣಿ ಎದ್ದದ್ದು ಈ ಸುಣ್ಣಕಲ್ಲನ್ನು ನಂಬಿಯೇ.

ಸುಣ್ಣಕ್ಕೆ ಚಿಟಿಕೆ ನೀಲ್ ಹಾಕುತ್ತಿದ್ದದ್ದು ಹಳದಿ ಛಾಯೆ ಮುರಿಯಲು. ಜಾಸ್ತಿ ಹಾಕಿದರೆ ಆಕಾಶನೀಲಿ ಗೋಡೆ, ಅದೂ ನಮ್ಮ ಊರುಗಳ ಹಳೆಯ ಬಣ್ಣವೇ. ಬಾಗಿಲ ಸುತ್ತ, ಕಟ್ಟೆಯ ಪಟ್ಟಿಗೆ ಕೆಮ್ಮಣ್ಣು. ಸುಣ್ಣದ ಕ್ಷಾರ ತಡೆಯುವ ಬಣ್ಣಗಳು ಬಹಳಿಲ್ಲ. ಕೆಮ್ಮಣ್ಣಿನಲ್ಲಿರುವ ಕಬ್ಬಿಣದ ಆಕ್ಸೈಡ್ ತಡೆಯುತ್ತದೆ, ನೀಲ್‌ನ ಅಲ್ಟ್ರಾಮರೀನ್ ತಡೆಯುತ್ತದೆ. ತಡೆಯದವು ಮೊದಲ ವರ್ಷದಲ್ಲೇ ಹಾರಿಹೋದವು, ಉಳಿದವು ಸಂಪ್ರದಾಯವಾದವು. ಇವತ್ತಿನ ಎಮಲ್ಷನ್‌ನಲ್ಲಿ ಯಾವ ಬಣ್ಣ ಬೇಕಾದರೂ ಸಿಗುತ್ತದೆ, ಆದರೆ ಬಿಸಿಲಿನ ಲೆಕ್ಕ ಹಳೆಯದೇ. ಮಣ್ಣಿನ ಹಳದಿ, ಕಾವಿ, ಕಂದು ವರ್ಷಗಟ್ಟಲೆ ನಿಲ್ಲುತ್ತವೆ. ಕಣ್ಣು ಕುಕ್ಕುವ ಗುಲಾಬಿ, ನೇರಳೆಗಳು ಪಶ್ಚಿಮದ ಗೋಡೆಯಲ್ಲಿ ಬೇಗ ಸೋಲುತ್ತವೆ, ಉತ್ತರದ ಗೋಡೆಯಲ್ಲಿ ಇನ್ನಷ್ಟು ಕಾಲ ಉಳಿಯುತ್ತವೆ. ಆಗ ಒಂದು ಮನೆಗೆ ಎರಡು ಬಣ್ಣ.

ಹಾಗೆಂದು ಗಿಣಿಹಸಿರು, ಕೇಸರಿ ಹಚ್ಚಿದವರನ್ನು ನೋಡಿ ನಗುವವರ ಪೈಕಿ ನಾನಲ್ಲ. ವರ್ಷದ ಎಂಟು ತಿಂಗಳು ಬೂದು ಮತ್ತು ಕಂದು ಬಿಟ್ಟರೆ ಬೇರೆ ಕಾಣದ ಬಯಲಿನಲ್ಲಿ, ಮಗಳ ಮದುವೆಗೆ ಮನೆ ನಗಬೇಕು ಎಂಬ ಆಸೆ ತಪ್ಪೇನಲ್ಲ. ಆ ಬಣ್ಣ ಎಲ್ಲಿ ಎಂಬುದಷ್ಟೇ ಪ್ರಶ್ನೆ. ಬಾಗಿಲು, ಚೌಕಟ್ಟು, ಕಿಟಕಿಯ ಸರಳು, ಜಗಲಿಯ ಕಂಬ ಇವುಗಳಿಗೆ ಎಷ್ಟು ಗಾಢವಾದರೂ ಹಚ್ಚಿಸಿ. ಕಲ್ಲಿನ ಬೂದಿನ ಎದುರು ಒಂದು ಪಾಚಿಹಸಿರು ಬಾಗಿಲು ಎಷ್ಟು ಹೊಳೆಯುತ್ತದೆ ಎಂಬುದು ಹಚ್ಚಿದವರಿಗೇ ಗೊತ್ತು. ಮಾಸಿದರೆ ಬಾಗಿಲಿಗೆ ಮತ್ತೆ ಹಚ್ಚುವುದು ಒಂದು ದಿನದ ಕೆಲಸ.

ಬಿಸಿಲಿನಲ್ಲಿ ಷೇಡ್ ಕಾರ್ಡ್ ಮೋಸ ಮಾಡುತ್ತದೆ. ಅಂಗಡಿಯ ಟ್ಯೂಬ್‌ಲೈಟಿನಡಿ ಹದವಾಗಿ ಕಂಡದ್ದು ಗೋಡೆಗೆ ಹೋದ ಮೇಲೆ ಎರಡು ಪಟ್ಟು ಬಿಳುಪಾಗಿ, ಎರಡು ಪಟ್ಟು ಚುರುಕಾಗಿ ಕಾಣುತ್ತದೆ. ಆದ್ದರಿಂದ ಕಾರ್ಡಿನಲ್ಲಿ ತುಸು ಮಂಕು ಎನ್ನಿಸಿದ್ದನ್ನೇ ಆರಿಸಬೇಕು. ಕಡೆಯ ತೀರ್ಮಾನಕ್ಕೆ ಮುಂಚೆ ಅರ್ಧ ಲೀಟರೋ ಒಂದು ಲೀಟರೋ ತಂದು ಚಜ್ಜಾಕ್ಕೆ ತಾಗಿದ ಹಾಗೆ ಮೂರು ಅಡಿ ಚೌಕ ಹಚ್ಚಿಸಿ. ಗೋಡೆಯ ನಡುವೆ ಹಚ್ಚಿದರೆ ಪ್ರಯೋಜನವಿಲ್ಲ, ಕಲ್ಲು ಪಕ್ಕದಲ್ಲಿರಬೇಕು. ಮುಂಜಾನೆ ನೋಡಿ, ಮಟಮಟ ಮಧ್ಯಾಹ್ನ ನೋಡಿ, ಹೊತ್ತು ಮುಳುಗುವಾಗ ನೋಡಿ. ಕಲ್ಲಿಗೆ ನೀರು ಚಿಮುಕಿಸಿಯೂ ನೋಡಿ, ಮಳೆಗಾಲದಲ್ಲಿ ಅದು ಕಪ್ಪಾದಾಗ ಗೋಡೆ ಹೇಗಿರುತ್ತದೆ ಎಂದು ತಿಳಿಯುತ್ತದೆ.

ಅಚ್ಚ ಬಿಳಿ ಯಾಕಾಗಬಾರದು? ಕಾರಣ ಧೂಳು. ಕಾರ್ಖಾನೆಯ ಧೂಳು, ಕಲ್ಲು ಕೊರೆಯುವ ಮಷಿನ್‌ಗಳ ಧೂಳು, ಎರೆಹೊಲದ ಧೂಳು. ಬಿಳಿ ಗೋಡೆಯ ಮೇಲೆ ಅದು ಒಂದೇ ಬೇಸಿಗೆಗೆ ಕಾಣಿಸಿಕೊಳ್ಳುತ್ತದೆ, ಬಿಳಿಜೋಳದ ಬಣ್ಣದಲ್ಲಿ ನಾಲ್ಕು ವರ್ಷ ಅಡಗುತ್ತದೆ. ಮಳೆ ಸಿಡಿಯುವ ಎರಡಡಿ ಮಾತ್ರ ಯಾವ ತಿಳಿಬಣ್ಣಕ್ಕೂ ಬಗ್ಗುವುದಿಲ್ಲ. ಕೆಮ್ಮಣ್ಣಿನ ಪಟ್ಟಿ ಹಿಂದೆ ಆ ಜಾಗದಲ್ಲಿದ್ದದ್ದು ಚೆಂದಕ್ಕಷ್ಟೇ ಅಲ್ಲ. ಈಗ ಅಲ್ಲಿ ಫರ್ಸಿಯ ತುಂಡುಗಳನ್ನೇ ಕೂಡಿಸಿದರೆ ಮೇಲಂಚಿಗೂ ಕೆಳಂಚಿಗೂ ಒಂದೇ ಕಲ್ಲಾಗಿ, ನಡುವಿನ ಬಣ್ಣಕ್ಕೆ ಚೌಕಟ್ಟು ಸಿಗುತ್ತದೆ.

ಕಲ್ಲಿನ ಗೋಡೆಗೇ ಬಣ್ಣ ಹೊಡೆಸುವ ಚಟ ಇನ್ನೊಂದು. ಎಣ್ಣೆಬಣ್ಣ ಬಳಿದು, ಸಂದಿಗೆ ಬಿಳಿ ಗೆರೆ ಎಳೆದು, ಕಲ್ಲಿನ ಮೇಲೆ ಕಲ್ಲಿನ ಚಿತ್ರ ಬರೆಸುತ್ತಾರೆ. ಹಳೆಯ ಗೌಂಡಿಗಳನ್ನು ಕೇಳಿದರೆ, ‘ಕಲ್ಲಿಗಿ ತಂದೇ ಬಣ್ಣ ಅದರಿ, ಅದರ ಮ್ಯಾಲ ಮತ್ತೇನ್ ಹಚ್ತೀರಿ?’ ಎನ್ನುತ್ತಾರೆ. ಬಣ್ಣದ ಹಿಂದೆ ಸಿಕ್ಕಿಬಿದ್ದ ತೇವ ಹೊರಬರಲಾಗದೆ ಪೊರೆ ಎಬ್ಬಿಸುತ್ತದೆ, ಎರಡು ಮಳೆಗಾಲಕ್ಕೆ ಸಿಪ್ಪೆ ಸುಲಿಯುತ್ತದೆ. ಕಲ್ಲು ಕೊಳೆಯಾಗಿದ್ದರೆ ನೀರು, ಸೋಪು, ಗಟ್ಟಿ ಬ್ರಶ್ ಸಾಕು. ಆಸಿಡ್ ಸುರಿಯುವುದಂತೂ ಬೇಡವೇ ಬೇಡ: ಸುಣ್ಣಕಲ್ಲಿಗೆ ಆಸಿಡ್ ಬಿದ್ದರೆ ನೊರೆ ಬರುತ್ತದಲ್ಲ, ಅದು ಕೊಳೆ ಹೋಗುತ್ತಿರುವ ಗುರುತಲ್ಲ, ಕಲ್ಲೇ ಕರಗುತ್ತಿರುವುದು. ಪಾಲಿಶ್ ಮಾಡಿದ ಫರ್ಸಿಯ ಮೇಲೆ ನಿಂಬೆರಸ ಬಿದ್ದ ಕಡೆ ಹೊಳಪು ಹೋಗುವುದೂ ಇದಕ್ಕೇ. ಗಾರೆಯ ಗೋಡೆಯಾದರೆ ಹೊಸ ಸಿಮೆಂಟ್ 28 ದಿನವಾದರೂ ಆರಬೇಕು. ಹಳೆಯ ಸುಣ್ಣದ ಮೇಲೆ ಎಮಲ್ಷನ್ ಹಚ್ಚುವುದಾದರೆ ಉದುರುವ ಸುಣ್ಣವನ್ನೆಲ್ಲ ಕೆರೆದು ಪ್ರೈಮರ್ ಕೊಡಬೇಕು, ಇಲ್ಲದಿದ್ದರೆ ಬಣ್ಣ ಹಿಡಿಯುವುದು ಗೋಡೆಯನ್ನಲ್ಲ, ಸುಣ್ಣದ ಪುಡಿಯನ್ನು.

ಇಷ್ಟು ಹೊತ್ತು ಅಂಚಿನ ಮಾತಾಯಿತು. ಬೀದಿಗೆ ಕಾಣದ ಮಾಳಿಗೆಯ ಮೇಲ್ಮೈಗೂ ಒಂದು ಬಣ್ಣ ಬೇಕು, ಅಲ್ಲಿ ಆಯ್ಕೆಗೆ ಜಾಗವಿಲ್ಲ: ಬಿಳಿ. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಬಿಸಿಲು 42–44 ಡಿಗ್ರಿ ಮುಟ್ಟುವುದುಂಟು. ಹೊಸದಾಗಿ ಬಳಿದ ಒಳ್ಳೆಯ ಬಿಳಿ ಲೇಪನ ಬಿಸಿಲಿನ ಶಾಖದಲ್ಲಿ ನೂರಕ್ಕೆ 70–80 ಪಾಲನ್ನು ಹಿಂದಕ್ಕೆ ತೂರುತ್ತದೆ. ಮಾಸಿದ ಸಿಮೆಂಟ್ ಸ್ಲ್ಯಾಬ್ ಅದರ ಅರ್ಧದಷ್ಟೂ ತೂರುವುದಿಲ್ಲ, ಹಗಲೆಲ್ಲ ಕುಡಿದ ಶಾಖವನ್ನು ರಾತ್ರಿ ಮನೆಯೊಳಗೆ ಕಕ್ಕುತ್ತದೆ. ಸೇಡಂ, ಚಿಂಚೋಳಿ ತಾಲೂಕುಗಳ ಗಡಿಗೆ ತಾಗಿದ ತೆಲಂಗಾಣದಲ್ಲಿ 2023ರಲ್ಲಿ ಸರ್ಕಾರವೇ ತಂಪು ಛಾವಣಿಯ ನೀತಿ ತಂದಿತು. ನಾವು ನೀತಿಗೆ ಕಾಯಬೇಕಿಲ್ಲ. ಸುಣ್ಣಕ್ಕೆ ಅಂಟು ಬೆರೆಸಿ ಮಾಳಿಗೆಗೆ ಎರಡು ಕೈ ಹೊಡೆಯುವುದು ಊರಲ್ಲಿ ಎಲ್ಲರಿಗೂ ಗೊತ್ತಿರುವ ಕೆಲಸ. ಸುಣ್ಣ ಪ್ರತಿ ಬೇಸಿಗೆಗೆ ಮತ್ತೆ ಹಚ್ಚಬೇಕು, ಕಂಪನಿಯ ಲೇಪನ ಕೆಲವು ವರ್ಷ ಬರುತ್ತದೆ. ಎರಡನ್ನೂ ತೊಳೆಯಬೇಕು, ಧೂಳು ಕೂತ ಬಿಳಿ ಬಿಳಿಯಲ್ಲ. ಫರ್ಸಿಯ ಮಾಳಿಗೆಯಾದರೆ ಮೊದಲು ಸಂದಿಗಳ ಸೋರಿಕೆ ಮುಚ್ಚಿಸಿ, ಆಮೇಲೆ ಬಿಳಿ. ಕುಂಬಿಯ ಒಳಮೈಗೂ ಅದೇ ಬಿಳಿ ಹೊಡೆಸಿ. ಹೊರಮೈಗೆ ಗೋಡೆಯ ಬಣ್ಣ, ತಲೆಯ ಮೇಲೆ ಫರ್ಸಿಯ ಪಟ್ಟಿ.

ಕೊನೆಗೆ ಶೀಟು. ಸೋರುವ ಮಾಳಿಗೆಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಬಣ್ಣದ ಪತ್ರಾ ಹೊದಿಸುವುದು ಈಗ ಹಳ್ಳಿಗಳಲ್ಲೂ ಶುರುವಾಗಿದೆ. ಅದರೊಂದಿಗೆ, ಈ ಸೀಮೆಯ ಇತಿಹಾಸದಲ್ಲೇ ಮೊದಲ ಸಲ ಎನ್ನಬಹುದು, ಮನೆಯ ಸೂರು ಬೀದಿಗೆ ಕಾಣತೊಡಗಿದೆ. ಕಂಡದ್ದು ಕಡುನೀಲಿ. ಅಂಗಡಿಯಲ್ಲಿ ಅದೇ ಹೆಚ್ಚು ಸಿಗುತ್ತದೆ ಎಂಬುದು ಬಿಟ್ಟರೆ ಅದಕ್ಕೆ ಬೇರೆ ಕಾರಣ ಇದ್ದಂತಿಲ್ಲ. ಕಲ್ಲಿನ ಮೆಲುನೀಲಿಯನ್ನು ಅದು ಪೂರ್ತಿ ನುಂಗುತ್ತದೆ, ತಿಳಿಬಣ್ಣದ ಶೀಟಿಗಿಂತ ಬಿಸಿಯನ್ನೂ ಜಾಸ್ತಿ ಹೀರುತ್ತದೆ. ಇನ್ನೂ ಹಾಕಿಸಿಲ್ಲದವರು ಬಿಳಿ ಅಥವಾ ದಂತದ ಬಣ್ಣದ ಶೀಟು ಕೇಳಿ. ಅಂಗಡಿಯಲ್ಲಿ ಇಲ್ಲದಿದ್ದರೆ ತರಿಸಿಕೊಡುತ್ತಾರೆ. ಹಾಕಿಸಿಬಿಟ್ಟವರು ಗೋಡೆಗೆ ನೀಲಿಯ ತಂಟೆಗೇ ಹೋಗದೆ ಕೆನೆಬಣ್ಣ ಹಿಡಿಯಲಿ, ಶೀಟಿನ ಅಂಚುಪಟ್ಟಿಗೆ ಮತ್ತು ಕಬ್ಬಿಣದ ಕಂಬಗಳಿಗೆ ಕಲ್ಲಿನ ಬೂದು ಹೊಡೆಸಲಿ. ಮುಂದಿನ ಸಲ ಶೀಟು ಬದಲಿಸುವ ಕಾಲ ಬಂದಾಗ ಗೋಡೆಯನ್ನು ಮತ್ತೆ ಮುಟ್ಟಬೇಕಾಗುವುದಿಲ್ಲ.